ಹಳೆಯ ಕಂಪ್ಯೂಟರ್ ತಾನಾಗಿಯೇ ರಿಸ್ಟಾರ್ಟ್ ಆಗುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳು ಮುಖ್ಯವಾಗಿ 2003ರಿಂದ 2012ರ ನಡುವೆ ಕೊಂಡ ಡೆಸ್ಕ್‌ಟಾಪ್‌ಗಳಿಗೆ ಸಂಬಂಧಿಸಿದವು. ಪೆಂಟಿಯಂ 4, ಡ್ಯುಯಲ್ ಕೋರ್, ಕೋರ್ 2 ಡ್ಯುಯೊ, ಮೊದಲ ತಲೆಮಾರಿನ ಐ3, ಅವುಗಳ ಮೇಲೆ ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7. ಡಿಟಿಪಿ ಅಂಗಡಿ, ಮುದ್ರಣಾಲಯ, ಸಹಕಾರ ಸಂಘದ ಕಚೇರಿ, ಶಾಲೆಯ ಲ್ಯಾಬ್‌ಗಳಲ್ಲಿ ಇಂಥ ಯಂತ್ರಗಳು ಈಗಲೂ ದುಡಿಯುತ್ತಿವೆ. ಅವು ರಿಸ್ಟಾರ್ಟ್ ಆಗತೊಡಗಿದ ಕೂಡಲೇ ‘ಫಾರ್ಮ್ಯಾಟ್ ಮಾಡಿಸಿ’ (ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿ) ಎಂಬ ಸಲಹೆ ನಾಲ್ಕೂ ಕಡೆಯಿಂದ ಬರುತ್ತದೆ. ದಯವಿಟ್ಟು ಆ ಮಾತಿಗೆ ಅವಸರದಲ್ಲಿ ಒಪ್ಪಬೇಡಿ. ತಾನಾಗಿಯೇ ರಿಸ್ಟಾರ್ಟ್ ಆಗುವ ಹಳೆಯ ಯಂತ್ರದ ದೋಷ ಬಹುಪಾಲು ಕರೆಂಟಿನಲ್ಲೋ ಶಾಖದಲ್ಲೋ ಇರುತ್ತದೆ. ಫಾರ್ಮ್ಯಾಟ್ ಮಾಡಿದರೆ ಕಡತಗಳು ಹೋಗುತ್ತವೆ, ದೋಷ ಅಲ್ಲೇ ಉಳಿಯುತ್ತದೆ.

ಎಲ್ಲಕ್ಕಿಂತ ಮೊದಲು ಏನು ಮಾಡಬೇಕು?

ಕಡತಗಳನ್ನು ಉಳಿಸಿಕೊಳ್ಳಬೇಕು. ರಿಪೇರಿ ನಂತರದ ಮಾತು.

ಬರೆಯುತ್ತಿರುವ ಹೊತ್ತಿನಲ್ಲೇ ಕರೆಂಟು ಕಡಿದರೆ ಹಾರ್ಡ್‌ಡಿಸ್ಕ್‌ನ ಕಡತ ವ್ಯವಸ್ಥೆ ಹಾಳಾಗಬಹುದು. ಪ್ರತಿಯೊಂದು ರಿಸ್ಟಾರ್ಟ್ ಈ ಅಪಾಯವನ್ನು ಹೆಚ್ಚಿಸುತ್ತದೆ. ಆದ್ದರಿಂದ ‘ಇನ್ನೊಮ್ಮೆ ಆನ್ ಮಾಡಿ ನೋಡೋಣ’ ಎನ್ನುತ್ತ ಸಂಜೆಯವರೆಗೂ ಪ್ರಯತ್ನಿಸಬೇಡಿ. ಹಾರ್ಡ್‌ಡಿಸ್ಕ್ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಬೇಕಾದದ್ದನ್ನೆಲ್ಲ ನಕಲು ಮಾಡಿಕೊಳ್ಳಿ. 2005ಕ್ಕಿಂತ ಹಿಂದಿನ ಹಲವು ಡಿಸ್ಕ್‌ಗಳಲ್ಲಿ 40 ಪಿನ್‌ಗಳ ಅಗಲವಾದ ಐಡಿಇ ಕನೆಕ್ಟರ್ ಇರುತ್ತದೆ, ಆಮೇಲಿನವುಗಳಲ್ಲಿ ತೆಳುವಾದ ಸಾಟಾ. ಅಡಾಪ್ಟರ್ ಕೊಳ್ಳುವಾಗ ಇದನ್ನು ನೋಡಿಕೊಳ್ಳಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಹಳೆಯ ನುಡಿ, ಬರಹ ಅಥವಾ ಡಾಂಗಲ್ (ತಂತ್ರಾಂಶ ಓಡಲು ಕಂಪ್ಯೂಟರಿಗೆ ಸಿಕ್ಕಿಸಬೇಕಾದ ಬೀಗದಂಥ ಸಾಧನ) ಸಹಿತ ಬರುತ್ತಿದ್ದ ಡಿಟಿಪಿ ತಂತ್ರಾಂಶಗಳಲ್ಲಿ ಮಾಡಿದ ಕಡತಗಳು ಎಲ್ಲ ಯಂತ್ರಗಳಿಗೂ ಗೊತ್ತಿರುವ ಯೂನಿಕೋಡ್ ಅಕ್ಷರಸಂಕೇತದಲ್ಲಿ ಇರುವುದಿಲ್ಲ, ಅವಕ್ಕೆ ಆ ತಂತ್ರಾಂಶದ್ದೇ ಫಾಂಟ್ ಬೇಕು. ಪೇಜ್‌ಮೇಕರ್ ಕಡತವೊಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ವಿಂಡೋಸ್ ಒಳಗಿನ ‘ಫಾಂಟ್ಸ್’ ಫೋಲ್ಡರನ್ನೂ ತಪ್ಪದೆ ನಕಲು ಮಾಡಿಕೊಳ್ಳಿ. ‘ಮೈ ಡಾಕ್ಯುಮೆಂಟ್ಸ್’ ಮತ್ತು ಡೆಸ್ಕ್‌ಟಾಪ್ ಎರಡೂ ಸಿ ಡ್ರೈವ್‌ನಲ್ಲೇ ಇರುತ್ತವೆ. ಫಾರ್ಮ್ಯಾಟ್ ಮಾಡುವವರು ಅಳಿಸುವುದು ಅದನ್ನೇ.

ರಿಸ್ಟಾರ್ಟ್ ಆಗುವ ಹೊತ್ತಿನಿಂದ ಏನಾದರೂ ಗೊತ್ತಾಗುತ್ತದೆಯೇ?

ಎಲ್ಲಕ್ಕಿಂತ ಹೆಚ್ಚು ಗೊತ್ತಾಗುವುದು ಅದರಿಂದಲೇ. ಒಂದು ಹಾಳೆ ಇಟ್ಟುಕೊಂಡು, ಪ್ರತಿ ಸಲ ರಿಸ್ಟಾರ್ಟ್ ಆದಾಗ ಎಷ್ಟು ಗಂಟೆಯಾಗಿತ್ತು, ಯಂತ್ರ ಎಷ್ಟು ಹೊತ್ತಿನಿಂದ ಓಡುತ್ತಿತ್ತು, ನೀವು ಏನು ಮಾಡುತ್ತಿದ್ದಿರಿ, ಮನೆಯಲ್ಲಿ ಬೇರೆ ಯಾವ ಸ್ವಿಚ್ ಹಾಕಿದರು ಎಂದು ಬರೆಯಿರಿ. ಎರಡು ದಿನದ ಟಿಪ್ಪಣಿ ಇದ್ದರೆ ಅರ್ಧ ರಿಪೇರಿ ಆದಂತೆ.

ಆನ್ ಮಾಡಿದ ಕೆಲವೇ ಸೆಕೆಂಡಿನಲ್ಲಿ, ಪರದೆ ಮೇಲೆ ಏನೂ ಕಾಣುವ ಮೊದಲೇ ಮತ್ತೆ ಮತ್ತೆ ಶುರುವಾಗುತ್ತಿದ್ದರೆ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ಸಣ್ಣ ವೋಲ್ಟೇಜ್‌ಗೆ ಬದಲಿಸುವ ಪೆಟ್ಟಿಗೆ), ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆ), ರ‍್ಯಾಮ್ (ತಾತ್ಕಾಲಿಕ ಸ್ಮರಣೆಯ ಕಡ್ಡಿ) ಅಥವಾ ಸಿಕ್ಕಿಕೊಂಡ ರಿಸೆಟ್ ಗುಂಡಿ. ವಿಂಡೋಸ್ ಲೋಗೊವರೆಗೆ ಬಂದು ಪ್ರತಿ ಸಲ ಅದೇ ಜಾಗದಲ್ಲಿ ಬಿದ್ದರೆ (ರಿಸ್ಟಾರ್ಟ್ ಆದರೆ) ಡಿಸ್ಕ್, ಡ್ರೈವರ್ (ಯಂತ್ರದ ಭಾಗಗಳನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ಅಥವಾ ಬಯೋಸ್ (ವಿಂಡೋಸ್‌ಗೂ ಮೊದಲು ಏಳುವ, ಮದರ್‌ಬೋರ್ಡ್‌ನದೇ ತಂತ್ರಾಂಶ) ಸೆಟ್ಟಿಂಗ್. ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಬಿದ್ದು, ತಕ್ಷಣ ಆನ್ ಮಾಡಿದರೆ ಈ ಸಲ ಇನ್ನೂ ಬೇಗ ಬಿದ್ದರೆ ಶಾಖ. ವಿಡಿಯೊ ನೋಡುವಾಗ, ದೊಡ್ಡ ಚಿತ್ರ ತೆರೆದಾಗ, ಸಿಡಿ ಬರೆಯುವಾಗ ಮಾತ್ರ ಬಿದ್ದರೆ ಎಸ್‌ಎಂಪಿಎಸ್ ಅಥವಾ ಶಾಖ. ಯಂತ್ರದ ಕೆಲಸಕ್ಕೂ ರಿಸ್ಟಾರ್ಟ್‌ಗೂ ನಂಟೇ ಕಾಣದೆ ಮಧ್ಯಾಹ್ನವೋ ಸಂಜೆಯೋ ನಿರ್ದಿಷ್ಟ ಹೊತ್ತಿನಲ್ಲಿ ಆಗುತ್ತಿದ್ದರೆ ಗೋಡೆಯಲ್ಲಿ ಬರುವ ಕರೆಂಟನ್ನು ಮೊದಲು ನೋಡಿ.

ನೀಲಿ ಪರದೆ ಮಿಂಚಿ ಮಾಯವಾಗುತ್ತದೆ. ಅದರಲ್ಲಿ ಏನಿದೆ ಎಂದು ಓದುವುದು ಹೇಗೆ?

ಗಂಭೀರ ದೋಷ ಕಂಡಾಗ ವಿಂಡೋಸ್ ನೀಲಿ ಪರದೆ ತೋರಿಸಿ, ತಾನೇ ಯಂತ್ರವನ್ನು ರಿಸ್ಟಾರ್ಟ್ ಮಾಡುತ್ತದೆ. ಅದು ಮೊದಲಿನಿಂದಲೇ ಇರುವ ಸೆಟ್ಟಿಂಗ್. ಅದನ್ನು ತೆಗೆದರೆ ಪರದೆ ನಿಂತುಕೊಳ್ಳುತ್ತದೆ.

‘ಮೈ ಕಂಪ್ಯೂಟರ್’ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ಗೆ ಹೋಗಿ. ವಿಂಡೋಸ್ 7ರಲ್ಲಿ ಎಡಗಡೆಯ ‘ಅಡ್ವಾನ್ಸ್‌ಡ್ ಸಿಸ್ಟಂ ಸೆಟ್ಟಿಂಗ್ಸ್’ ಒತ್ತಿ. ‘ಅಡ್ವಾನ್ಸ್‌ಡ್’ ಎಂಬ ಪುಟದಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ ಅಡಿಯ ‘ಸೆಟ್ಟಿಂಗ್ಸ್’ ತೆರೆದು, ‘ಆಟೊಮ್ಯಾಟಿಕಲಿ ರಿಸ್ಟಾರ್ಟ್’ ಮುಂದಿನ ಗುರುತು ತೆಗೆಯಿರಿ. ವಿಂಡೋಸ್ ಒಳಗೆ ಹೋಗಲೇ ಆಗುತ್ತಿಲ್ಲವೇ? ಲೋಗೊ ಬರುವ ಮೊದಲು ಎಫ್8 ಒತ್ತುತ್ತಿರಿ. ಬರುವ ಪಟ್ಟಿಯಲ್ಲಿ ‘ಡಿಸೇಬಲ್ ಆಟೊಮ್ಯಾಟಿಕ್ ರಿಸ್ಟಾರ್ಟ್ ಆನ್ ಸಿಸ್ಟಂ ಫೇಲ್ಯೂರ್’ ಎಂಬುದನ್ನು ಆರಿಸಿಕೊಳ್ಳಿ.

ಈಗ ಪರದೆ ನಿಂತಾಗ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ‘ಸ್ಟಾಪ್’ ಎಂಬ ಪದದ ಮುಂದಿನ ಉದ್ದನೆಯ ಸಂಖ್ಯೆಯಲ್ಲಿ ಸೊನ್ನೆಗಳನ್ನು ಬಿಟ್ಟು ಕೊನೆಯ ಎರಡು ಮೂರು ಅಂಕಿಗಳಷ್ಟೇ ಸಾಕು. 7ಬಿ ಎಂದರೆ ವಿಂಡೋಸ್‌ಗೆ ಡಿಸ್ಕ್ ಸಿಗುತ್ತಿಲ್ಲ. 7ಎ ಅಥವಾ 24 ಇದ್ದರೆ ಡಿಸ್ಕ್ ಇಲ್ಲವೇ ಅದರ ಕೇಬಲ್ ಮೇಲೆ ಅನುಮಾನ ಪಡಿ. 1ಎ, 50 ಇದ್ದರೆ ರ‍್ಯಾಮ್ ಪರೀಕ್ಷಿಸಿ. 124 ಇದ್ದರೆ ಯಂತ್ರಾಂಶದ ದೋಷವನ್ನು ಸ್ವತಃ ಪ್ರೊಸೆಸರ್ ವರದಿ ಮಾಡಿದೆ ಎಂದರ್ಥ, ಆಗ ಶಾಖ ಮತ್ತು ವೋಲ್ಟೇಜ್ ನೋಡಬೇಕು. ಪ್ರತಿ ಸಲ ಬೇರೆ ಬೇರೆ ಸಂಖ್ಯೆ ಬರುತ್ತಿದ್ದರೆ ಅದೇ ಒಂದು ಸುಳಿವು. ತಂತ್ರಾಂಶದ ದೋಷ ಸಾಮಾನ್ಯವಾಗಿ ಒಂದೇ ಸಂಖ್ಯೆಯನ್ನು ಹಿಡಿದಿರುತ್ತದೆ, ರ‍್ಯಾಮ್ ಅಥವಾ ಕರೆಂಟಿನ ದೋಷಕ್ಕೆ ಅಂಥ ನಿಷ್ಠೆ ಇಲ್ಲ.

ಆ ಗುರುತು ತೆಗೆದರೂ ನೀಲಿ ಪರದೆ ಬರುವುದಿಲ್ಲ, ಸುಮ್ಮನೆ ರಿಸ್ಟಾರ್ಟ್ ಆಗುತ್ತದೆ. ಈಗ?

ಹಾಗಾದರೆ ವಿಂಡೋಸ್‌ಗೆ ಬಾಯಿ ತೆರೆಯಲೂ ಸಮಯ ಸಿಕ್ಕಿಲ್ಲ. ತಂತ್ರಾಂಶವನ್ನು ಬಹುಮಟ್ಟಿಗೆ ಬಿಟ್ಟುಬಿಡಿ, ಯಂತ್ರಾಂಶವನ್ನೇ ಹುಡುಕಿ. ‘ಇವೆಂಟ್ ವ್ಯೂವರ್’ನ ‘ಸಿಸ್ಟಂ’ ದಾಖಲೆಯಲ್ಲಿ ಖಾತ್ರಿ ಮಾಡಿಕೊಳ್ಳಬಹುದು. 6008 ಎಂಬ ನಮೂದು ಹಿಂದಿನ ಸಲ ಯಂತ್ರ ಹೇಳದೆ ಕೇಳದೆ ನಿಂತಿತು ಎನ್ನುತ್ತದೆ. ವಿಂಡೋಸ್ 7 ಮತ್ತು ನಂತರದವುಗಳಲ್ಲಿ ‘ಕರ್ನಲ್ ಪವರ್ 41’ ಎಂಬ ನಮೂದೂ ಇರುತ್ತದೆ. 1074 ಕಂಡರೆ ಯಾವುದೋ ತಂತ್ರಾಂಶ, ಹೆಚ್ಚಾಗಿ ವಿಂಡೋಸ್ ಅಪ್‌ಡೇಟ್, ಕ್ರಮಬದ್ಧವಾಗಿಯೇ ರಿಸ್ಟಾರ್ಟ್ ಮಾಡಿಸಿದೆ. ಅದು ರೋಗವಲ್ಲ.

41ನೇ ನಮೂದು ಕಂಡು ‘ಕರ್ನಲ್ ಹಾಳಾಗಿದೆ’ ಎಂದು ವಿಂಡೋಸ್ ಮತ್ತೆ ಹಾಕಿಸಿದವರು ಬಹಳ ಮಂದಿ ಇದ್ದಾರೆ. ಯಂತ್ರ ಕ್ರಮಬದ್ಧವಾಗಿ ಮುಚ್ಚದೆ ನಿಂತುಹೋಯಿತು ಎಂಬ ವರದಿ ಅದು, ಕರ್ನಲ್‌ನ, ಎಂದರೆ ವಿಂಡೋಸ್ ತಿರುಳಿನ, ಕಾಯಿಲೆಯ ವರದಿ ಅಲ್ಲ.

ಮಿಕ್ಸಿ, ಪಂಪ್ ಅಥವಾ ಫ್ರಿಜ್ ಚಾಲೂ ಆದಾಗ ರಿಸ್ಟಾರ್ಟ್ ಆಗುತ್ತದೆ. ಬಲ್ಬ್ ಮಾತ್ರ ಆರುವುದಿಲ್ಲ. ಇದು ಹೇಗೆ ಸಾಧ್ಯ?

ಬಲ್ಬ್ ಆರದಿದ್ದರೂ ಮಂಕಾಗಿರುತ್ತದೆ, ಗಮನಿಸಿ ನೋಡಿ. ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಆ ಕ್ಷಣ ಮನೆಯ ವೋಲ್ಟೇಜ್ ಕುಸಿಯುತ್ತದೆ. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಮಾಳಿಗೆ ಮೇಲಿನ ನೀರಿನ ಟ್ಯಾಂಕಿನಂತೆ ಸ್ವಲ್ಪ ವಿದ್ಯುತ್ ದಾಸ್ತಾನು ಇಟ್ಟುಕೊಂಡಿರುತ್ತವೆ. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳ ಎಟಿಎಕ್ಸ್ ಮಾನದಂಡದ ಪ್ರಕಾರ ಪೂರ್ಣ ಹೊರೆಯಲ್ಲಿ ಆ ದಾಸ್ತಾನು ಸುಮಾರು 16–17 ಮಿಲಿಸೆಕೆಂಡು ಬರಬೇಕು. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಆವರ್ತನಕ್ಕೇ 20 ಮಿಲಿಸೆಕೆಂಡು ಬೇಕು. ಅಂದರೆ ಹೊಸ ಎಸ್‌ಎಂಪಿಎಸ್ ಕೂಡ ತಡೆದುಕೊಳ್ಳುವುದು ಒಂದು ಆವರ್ತನಕ್ಕಿಂತ ಕಡಿಮೆ. ಹತ್ತು ಹದಿನೈದು ವರ್ಷ ಬೆಂದ ಕೆಪಾಸಿಟರ್‌ಗಳು ಅಷ್ಟೂ ತಡೆಯುವುದಿಲ್ಲ.

ದಾಸ್ತಾನು ಮುಗಿಯುತ್ತಿದೆ ಎಂದಾಗ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ಬೂದು ಬಣ್ಣದ ತಂತಿಯಲ್ಲಿ ‘ಪವರ್ ಗುಡ್’ ಎಂಬ ಸಂಕೇತ ನಿಲ್ಲುತ್ತದೆ. ಅದು ನಿಂತರೆ ಮದರ್‌ಬೋರ್ಡ್ ಪ್ರೊಸೆಸರನ್ನು ರಿಸೆಟ್ ಮಾಡುತ್ತದೆ, ಮರಳಿ ಬಂದರೆ ಮೊದಲಿನಿಂದ ಶುರು ಮಾಡುತ್ತದೆ. ನೀವು ನೋಡುವ ರಿಸ್ಟಾರ್ಟ್ ಇದೇ. ಯಂತ್ರ ಕೆಟ್ಟಿಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದೆ.

ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕೊಡುವ ಹೊತ್ತಿನಲ್ಲಿ ಹಳ್ಳಿಯ ಕಂಪ್ಯೂಟರ್‌ಗಳು ಹೆಚ್ಚು ಬೀಳುವುದು ಈ ಕಾರಣಕ್ಕೇ. ಒಂದೇ ಟ್ರಾನ್ಸ್‌ಫಾರ್ಮರ್ ಮೇಲೆ ಸಾಲು ಸಾಲು ಮೋಟರ್‌ಗಳು ಒಟ್ಟಿಗೆ ಏಳುತ್ತವೆ. ಕಂಪ್ಯೂಟರನ್ನು ಬೇರೆ ಸಾಕೆಟ್‌ಗೆ, ಸಾಧ್ಯವಾದರೆ ಮೋಟರ್ ಇಲ್ಲದ ಸರ್ಕ್ಯೂಟ್‌ಗೆ ಬದಲಿಸಿ ನೋಡಿ. ಸಡಿಲವಾದ ಪ್ಲಗ್, ಕಪ್ಪಾದ ಪಿನ್, ಒಂದರ ಬಾಲಕ್ಕೆ ಇನ್ನೊಂದು ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬೋರ್ಡ್‌ಗಳನ್ನು ತೆಗೆದುಹಾಕಿ. ನಂತರವೂ ಹಾಗೇ ಆದರೆ ಲೈನ್ ಇಂಟರಾಕ್ಟಿವ್ ಬಗೆಯ ಸಣ್ಣ ಯುಪಿಎಸ್ ಹಾಕಿ. ಬರಿಯ ಸ್ಟೆಬಿಲೈಸರ್ ಸಾಲದು, ಕ್ಷಣಮಾತ್ರದ ಕುಸಿತವನ್ನು ಅದು ತುಂಬಿಕೊಡುವುದಿಲ್ಲ.

ಮನೆಯಲ್ಲಿ ಇನ್ವರ್ಟರ್ ಇದೆ. ಆದರೂ ಕರೆಂಟು ಹೋದಾಗಲೆಲ್ಲ ರಿಸ್ಟಾರ್ಟ್ ಆಗುತ್ತದೆಯಲ್ಲ?

ಇನ್ವರ್ಟರ್ ಹಿಂಭಾಗ ನೋಡಿ. ಹಲವು ಮಾದರಿಗಳಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ‘ಯುಪಿಎಸ್’, ಇನ್ನೊಂದು ಕಡೆ ‘ನಾರ್ಮಲ್’ ಅಥವಾ ‘ಇಕೊ’. ನಾರ್ಮಲ್ ಕಡೆ ಇದ್ದರೆ ಬ್ಯಾಟರಿಗೆ ಬದಲಾಗಲು ಸುಮಾರು 40 ಮಿಲಿಸೆಕೆಂಡುವರೆಗೂ ಹಿಡಿಯಬಹುದು. ಫ್ಯಾನು, ದೀಪಕ್ಕೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರಿಗೆ ಅದು ಮರಣ. ಯುಪಿಎಸ್ ಕಡೆ ತಳ್ಳಿದರೆ ಸಾಮಾನ್ಯವಾಗಿ 10–15 ಮಿಲಿಸೆಕೆಂಡಿನಲ್ಲಿ ಬದಲಾಗುತ್ತದೆ. ವೋಲ್ಟೇಜ್ 180ರ ಆಸುಪಾಸಿಗೆ ಇಳಿದರೂ ಬ್ಯಾಟರಿಗೆ ಹೋಗುತ್ತದೆ, ಹಾಗಾಗಿ ವೋಲ್ಟೇಜ್ ಕಡಿಮೆ ಇರುವ ಊರಲ್ಲಿ ಬ್ಯಾಟರಿ ಬೇಗ ಇಳಿಯುವುದುಂಟು. ಹಣ ಖರ್ಚಿಲ್ಲದೆ ವಾಸಿಯಾಗುವ ಅಪರೂಪದ ದೋಷಗಳಲ್ಲಿ ಇದೊಂದು. ಬೇರೇನನ್ನೂ ಕೊಳ್ಳುವ ಮೊದಲು ಇದನ್ನು ನೋಡಿ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ರಿಸ್ಟಾರ್ಟ್‌ಗೂ ಇದಕ್ಕೂ ಸಂಬಂಧ ಇದೆಯೇ?

ಇರಬಹುದು. ಇಲ್ಲದಿದ್ದರೂ ಇದನ್ನು ಸರಿಪಡಿಸಲೇಬೇಕು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್, ಕರೆಂಟಿನಲ್ಲಿ ಸೇರಿದ ಗದ್ದಲವನ್ನು ಅರ್ಥಿಂಗ್ ತಂತಿಗೆ ಹರಿಸುವಂತೆ ಜೋಡಿಸಲ್ಪಟ್ಟಿದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದು ಕ್ಯಾಬಿನೆಟ್‌ನಲ್ಲೇ ನಿಲ್ಲುತ್ತದೆ, ಕ್ಯಾಬಿನೆಟ್ ಸರಿಸುಮಾರು ಅರ್ಧ ವೋಲ್ಟೇಜ್‌ಗೆ, ಎಂದರೆ 115ರ ಆಸುಪಾಸಿಗೆ ಏರಿರುತ್ತದೆ. ಹರಿಯುವ ಕರೆಂಟು ಬಹಳ ಸಣ್ಣದು, ಅದಕ್ಕೇ ಜುಮ್ ಎನ್ನುತ್ತದೆ. ಆದರೆ ಎಸ್‌ಎಂಪಿಎಸ್‌ನಲ್ಲಿ ನಿಜವಾದ ಸೋರಿಕೆಯಾದ ದಿನ ಅದೇ ಕ್ಯಾಬಿನೆಟ್ ಪ್ರಾಣ ತೆಗೆಯಬಲ್ಲದು. ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ ಮುರಿದುಹಾಕುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕುವುದು ಬೇಡವೇ ಬೇಡ. ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ಪರೀಕ್ಷಿಸಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದ್ದರೆ ನೀರು ಹಾಕಿಸಿ.

ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ಅತ್ಯುತ್ತಮ ಪರೀಕ್ಷೆ ಎಂದರೆ ಚೆನ್ನಾಗಿರುವ ಇನ್ನೊಂದನ್ನು ಒಂದು ದಿನದ ಮಟ್ಟಿಗೆ ಹಾಕಿ ನೋಡುವುದು. ಅದು ಸಿಗದಿದ್ದರೆ ಮಲ್ಟಿಮೀಟರ್. ಯಂತ್ರ ಓಡುತ್ತಿರುವಾಗಲೇ, ಹಾರ್ಡ್‌ಡಿಸ್ಕ್‌ಗೆ ಹೋಗುವ ಬಗೆಯ ಖಾಲಿ ನಾಲ್ಕು ಪಿನ್ ಕನೆಕ್ಟರ್‌ನಲ್ಲಿ ಕಪ್ಪು ತಂತಿಗೆ ಒಂದು ಕಡ್ಡಿ, ಹಳದಿಗೆ ಇನ್ನೊಂದು. 11.4ರಿಂದ 12.6 ವೋಲ್ಟ್ ಒಳಗೆ ಇರಬೇಕು. ಕೆಂಪು ತಂತಿಯಲ್ಲಿ 4.75ರಿಂದ 5.25. ದೊಡ್ಡ ಕನೆಕ್ಟರ್‌ನ ಕಿತ್ತಳೆ ತಂತಿಯಲ್ಲಿ 3.14ರಿಂದ 3.47. ಸುಮ್ಮನಿದ್ದಾಗ ಸರಿಯಾಗಿದ್ದು, ವಿಡಿಯೊ ಹಾಕಿದ ಕೂಡಲೇ ಹಳದಿ 11.3ಕ್ಕೆ ಇಳಿದರೆ ಎಸ್‌ಎಂಪಿಎಸ್ ಬದಲಿಸಿ. ಹೊರಗೆ ತೆಗೆದು ಹಸಿರು ತಂತಿಯನ್ನು ಕಪ್ಪಿಗೆ ಮುಟ್ಟಿಸಿ ಫ್ಯಾನ್ ತಿರುಗಿದ್ದನ್ನು ನೋಡಿ ‘ಚೆನ್ನಾಗಿದೆ’ ಎನ್ನುವ ಪರೀಕ್ಷೆಯನ್ನು ನಂಬಬೇಡಿ. ಹೊರೆ ಇಲ್ಲದೆ ಫ್ಯಾನ್ ತಿರುಗಿಸುವುದು ಮುಕ್ಕಾಲು ಸತ್ತ ಎಸ್‌ಎಂಪಿಎಸ್‌ಗೂ ಸಾಧ್ಯ.

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಒಳಗೆ 230 ವೋಲ್ಟ್ ಎಸಿಯನ್ನು ಡಿಸಿಗೆ ಬದಲಿಸಿದಾಗ ಸುಮಾರು 325 ವೋಲ್ಟ್ ಆಗುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಸ್ವಲ್ಪ ಹೊತ್ತು ಉಳಿದಿರುತ್ತದೆ. ಹಳೆಯವುಗಳ ಹಿಂದೆ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಬೇಕು. ಧೂಳು ಒರೆಸುವಾಗ ಜರುಗಿ 115ಕ್ಕೆ ಹೋದರೆ ಮುಂದಿನ ಸಲ ಆನ್ ಮಾಡಿದಾಗ ಢಬ್ ಎಂಬ ಸದ್ದು ಕೇಳುತ್ತದೆ.

ಹೊಸ ಎಸ್‌ಎಂಪಿಎಸ್ ಹಾಕಿಸಿದರೂ ಹಾಗೇ ಇದೆ. ಡಬ್ಬಿ ಮೇಲೆ 450 ವ್ಯಾಟ್ ಎಂದಿದೆ.

ದೊಡ್ಡ ಅಕ್ಷರದ ವ್ಯಾಟ್ ಬಿಡಿ, ಪಕ್ಕದ ಪಟ್ಟಿಯಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಬರೆದಿದೆ ನೋಡಿ. ಪೆಂಟಿಯಂ 4 ಕಾಲದಿಂದ ಪ್ರೊಸೆಸರ್ ಊಟ ಮಾಡುವುದು ಆ ಹಳದಿ ತಂತಿಯಿಂದಲೇ. ಕೆಲವು ಪೆಂಟಿಯಂ 4ಗಳ ಪ್ರಮಾಣಿತ ಶಾಖವೇ 115 ವ್ಯಾಟ್, ಪೆಂಟಿಯಂ ಡಿಯಲ್ಲಿ 130 ವ್ಯಾಟ್‌ವರೆಗೂ ಇತ್ತು. ಹಗುರವಾದ, ಅತಿ ಅಗ್ಗದ ಪೆಟ್ಟಿಗೆಗಳು ಹೇಳಿಕೊಂಡಷ್ಟು ಕೊಡುವುದಿಲ್ಲ. ಒಳ್ಳೆಯ ಕಂಪನಿಯ 300 ವ್ಯಾಟ್‌ನದು ಸಾಕು. ಆದರೆ ಹೊಸದು ಹಾಕಿದ ಮೇಲೂ ವಾಸಿಯಾಗದಿದ್ದರೆ ಮದರ್‌ಬೋರ್ಡನ್ನು ಕಣ್ಣಿಟ್ಟು ನೋಡುವ ಸಮಯ ಬಂದಿದೆ.

ಮದರ್‌ಬೋರ್ಡ್‌ನಲ್ಲಿ ಏನನ್ನು ನೋಡಬೇಕು?

ಪ್ರೊಸೆಸರ್ ಫ್ಯಾನಿನ ಸುತ್ತ ಸಣ್ಣ ಉರುಳೆಗಳು ಸಾಲಾಗಿ ನಿಂತಿರುತ್ತವೆ. ಅವೇ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು. ಅವುಗಳ ನೆತ್ತಿಯ ಅಲ್ಯೂಮಿನಿಯಂ ಮೇಲೆ ಅಡ್ಡಗೆರೆಯ ಗುರುತು ಕೊರೆದಿರುತ್ತದೆ, ಒಳಗೆ ಒತ್ತಡ ಏರಿದರೆ ಸಿಡಿಯುವ ಬದಲು ಅಲ್ಲಿ ಬಿರಿಯಲಿ ಎಂದು. ಟಾರ್ಚನ್ನು ಮೇಲಿನಿಂದ ಬಿಡಬೇಡಿ, ಬೋರ್ಡ್‌ಗೆ ಸಮಾನಾಂತರವಾಗಿ ಪಕ್ಕದಿಂದ ಬಿಡಿ. ಆರೋಗ್ಯವಾಗಿರುವ ಕೆಪಾಸಿಟರ್‌ನ ನೆತ್ತಿ ಚಪ್ಪಟೆಯಾಗಿ ಹೊಳೆಯುತ್ತದೆ. ಕೆಟ್ಟದ್ದರ ನೆತ್ತಿ ಉಬ್ಬಿ, ಬೆಳಕು ಅದರ ಮೇಲೆ ಬಾಗಿ ಬೀಳುತ್ತದೆ. ಇನ್ನೂ ಹದಗೆಟ್ಟಿದ್ದರೆ ಗೆರೆಯ ಸಂದಿನಲ್ಲಿ ಸೋರಿ ಒಣಗಿದ ಕಂದು ಕಲೆ ಕಾಣುತ್ತದೆ. ಕೆಲವು ನೆತ್ತಿ ಉಬ್ಬದೆ ಬುಡದಲ್ಲಿ ಸೋರುತ್ತವೆ, ರಬ್ಬರ್ ತಳ ಮೇಲೆದ್ದು ಉರುಳೆ ಓರೆಯಾಗಿರುತ್ತದೆ.

ಹಳೆಯ ಯಂತ್ರಗಳಲ್ಲಿ ಇದು ಇಷ್ಟೊಂದು ಸಾಮಾನ್ಯವಾಗಿರುವುದಕ್ಕೆ ಇತಿಹಾಸವಿದೆ. 2000ದ ದಶಕದ ಮೊದಲ ಭಾಗದಲ್ಲಿ ದೋಷಪೂರಿತ ದ್ರಾವಣ ತುಂಬಿದ ಕೆಪಾಸಿಟರ್‌ಗಳು ಜಗತ್ತಿನಾದ್ಯಂತ ಮದರ್‌ಬೋರ್ಡ್‌ಗಳಲ್ಲಿ ಸೇರಿಕೊಂಡವು. ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಜಿಎಕ್ಸ್270 ಮಾದರಿ ಈ ಕಾರಣಕ್ಕೆ ಹೆಸರು ಕೆಡಿಸಿಕೊಂಡಿತು. ಒಳ್ಳೆಯ ಕೆಪಾಸಿಟರ್ ಕೂಡ ಚಿರಂಜೀವಿಯಲ್ಲ. ಸ್ಥೂಲ ಲೆಕ್ಕದಲ್ಲಿ ಶಾಖ 10 ಡಿಗ್ರಿ ಏರಿದರೆ ಅದರ ಆಯುಸ್ಸು ಅರ್ಧವಾಗುತ್ತದೆ.

ಇವು ಸೊರಗಿದಾಗ ಪ್ರೊಸೆಸರ್‌ಗೆ ಹೋಗುವ ಒಂದು ವೋಲ್ಟ್ ಚಿಲ್ಲರೆಯ ಕರೆಂಟು ನಡುಗುತ್ತದೆ, ಲೆಕ್ಕ ತಪ್ಪುತ್ತದೆ, ಯಂತ್ರ ಬೀಳುತ್ತದೆ. ಬೆಳಿಗ್ಗೆ ಎರಡು ಮೂರು ಸಲ ಬಿದ್ದು, ಬೆಚ್ಚಗಾದ ಮೇಲೆ ದಿನವಿಡೀ ಬೀಳದೆ ಓಡುತ್ತದೆ ಎಂದರೆ ಈ ದೋಷದ ಲಕ್ಷಣವೇ. ಇದನ್ನು ಬದಲಿಸಬಹುದು, ಬೋರ್ಡ್ ಎಸೆಯಬೇಕಾಗಿಲ್ಲ. ಅದೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿಯ, ಕಡಿಮೆ ಇಎಸ್‌ಆರ್ (ಒಳಗಿನ ವಿದ್ಯುತ್ ತಡೆ) ಇರುವವನ್ನೇ ಕೇಳಿ. ಸಾಮಾನ್ಯ ಕೆಪಾಸಿಟರ್ ಹಾಕಿದರೆ ಕೆಲವೇ ತಿಂಗಳು. ಉರುಳೆ ಮೇಲಿನ ಪಟ್ಟಿ ಋಣ ತುದಿಯದು. ಆದರೆ ಬೋರ್ಡ್ ಮೇಲೆ ಬಣ್ಣ ತುಂಬಿದ ಅರ್ಧವೃತ್ತ ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥ ಕೊಡುವುದಿಲ್ಲವಾದ್ದರಿಂದ ಬಿಚ್ಚುವ ಮೊದಲು ಫೋಟೊ ತೆಗೆಯಲೇಬೇಕು. ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರೂ ಎಸ್‌ಪಿ ರೋಡ್ ಎನ್ನುವ ಜಾಗದಲ್ಲಿ ಬಿಡಿಭಾಗಗಳೂ ಬೆಸುಗೆ ಹಾಕುವವರೂ ಸಿಗುತ್ತಾರೆ. ಬೇರೆ ಊರುಗಳಲ್ಲಿ ಟಿವಿ ರಿಪೇರಿ ಮಾಡುವ ಅನುಭವಿಗಳು ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ.

ಶಾಖವೇ ಕಾರಣ ಎಂದು ಅನುಮಾನ. ಏನು ಮಾಡಲಿ?

ಬಯೋಸ್ ಒಳಗೆ ‘ಪಿಸಿ ಹೆಲ್ತ್’ ಅಥವಾ ‘ಹಾರ್ಡ್‌ವೇರ್ ಮಾನಿಟರ್’ ಎಂಬಲ್ಲಿ ತಾಪಮಾನ ಕಾಣುತ್ತದೆ. 45–55 ಡಿಗ್ರಿಗೆ ಗಾಬರಿ ಬೇಡ. ಬಯೋಸ್‌ನಲ್ಲಿ ಸುಮ್ಮನಿದ್ದಾಗಲೇ 75 ದಾಟಿ ಏರುತ್ತಿದ್ದರೆ ಆಫ್ ಮಾಡಿ.

ಫ್ಯಾನ್ ತಿರುಗುತ್ತಿದೆ ಎಂದ ಮಾತ್ರಕ್ಕೆ ಗಾಳಿ ಒಳಗೆ ಹೋಗುತ್ತಿದೆ ಎಂದಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ಫ್ಯಾನ್ ಎತ್ತಿದರೆ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಧೂಳು ಕಂಬಳಿಯಾಗಿ ಹೆಣೆದುಕೊಂಡಿರುತ್ತದೆ. ಮೇಲಿನಿಂದ ಬ್ರಷ್ ಆಡಿಸಿದರೆ ಅದು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಫ್ಯಾನ್ ತೆಗೆದೇ ಸ್ವಚ್ಛ ಮಾಡಬೇಕು. ಬ್ಲೋವರ್ ಹೊಡೆಯುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದುಕೊಳ್ಳಿ.

ಇನ್ನು ಹೀಟ್‌ಸಿಂಕ್, ಎಂದರೆ ಪ್ರೊಸೆಸರ್ ಮೇಲೆ ಕೂರುವ ಆ ರೆಕ್ಕೆಗಳ ಲೋಹದ ತುಂಡು. 2004ರಿಂದ ಬಂದ ಎಲ್‌ಜಿಎ 775 ಬೋರ್ಡ್‌ಗಳಲ್ಲಿ ಅದನ್ನು ನಾಲ್ಕು ಪ್ಲಾಸ್ಟಿಕ್ ಗೂಟಗಳು ಹಿಡಿದಿರುತ್ತವೆ. ವರ್ಷಗಳ ಶಾಖಕ್ಕೆ ಒಂದು ಗೂಟ ಸಡಿಲಗೊಂಡರೂ ನಿಂತಿರುವ ಬೋರ್ಡ್‌ನಲ್ಲಿ ಹೀಟ್‌ಸಿಂಕ್ ಆ ಮೂಲೆಯಿಂದ ಕೂದಲೆಳೆಯಷ್ಟು ಜೋತುಬೀಳುತ್ತದೆ, ಅಷ್ಟೇ ಸಾಕು. ಪ್ರತಿ ಗೂಟವನ್ನೂ ಹಿಡಿದು ಅಲ್ಲಾಡಿಸಿ ನೋಡಿ. ಮತ್ತೆ ಕೂರಿಸುವಾಗ ಎದುರು ಬದುರು ಮೂಲೆಗಳ ಗೂಟಗಳನ್ನು ಜೋಡಿಯಾಗಿ ಒತ್ತಿ, ಟಕ್ ಎಂಬ ಸದ್ದು ಕೇಳಿ. ಬೋರ್ಡ್ ಹಿಂಬದಿಯಲ್ಲಿ ನಾಲ್ಕೂ ತುದಿಗಳು ಹೊರಬಂದಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವಿನ, ಶಾಖ ದಾಟಿಸುವ ಹಳೆಯ ಪೇಸ್ಟ್ ಒರೆಸಿ, ಹೊಸದನ್ನು ಬಟಾಣಿ ಕಾಳಿಗಿಂತ ಸಣ್ಣ ಬೊಟ್ಟಿನಷ್ಟು ಇಡಿ. ಇನ್ನೂ ಹಳೆಯ ಸಾಕೆಟ್ 478ರ ಪೆಂಟಿಯಂ 4 ಆಗಿದ್ದರೆ, ಬಿಚ್ಚುವ ಮೊದಲು ಹತ್ತು ನಿಮಿಷ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ. ಆಮೇಲೆ ಪ್ಲಗ್ ಕಿತ್ತು, ಹೀಟ್‌ಸಿಂಕನ್ನು ಮೆಲ್ಲಗೆ ತಿರುಚಿ ಎತ್ತಿ. ನೇರ ಎಳೆದರೆ ಪ್ರೊಸೆಸರ್ ಕೂಡ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬಂದು ಪಿನ್‌ಗಳು ಬಾಗುತ್ತವೆ.

ಕಂಪ್ಯೂಟರ್ ಮೇಲೆ ಹೊದಿಸುವ ಪ್ಲಾಸ್ಟಿಕ್ ಕವರ್ ಯಂತ್ರ ಓಡುವಾಗ ಇರಬಾರದು. ಹೇಳಬೇಕಾದ ಮಾತಲ್ಲ, ಆದರೂ ಕಚೇರಿಗಳಲ್ಲಿ ಕಾಣುತ್ತಲೇ ಇರುತ್ತದೆ.

ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಹಾಕಿದರೆ ಸರಿಯಾಗುತ್ತದೆ ಎನ್ನುತ್ತಾರೆ. ನಿಜವೇ?

ಹಲವು ಸಲ ನಿಜ. ಸಂಪರ್ಕದ ಪಟ್ಟಿಗಳ ಮೇಲೆ ಕೊಳೆ ಕೂತಿದ್ದರೆ ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಒಂದೆರಡು ಸಲ ಉಜ್ಜಬಹುದು. ಮೇಲಿನ ಚಿನ್ನದ ಲೇಪ ಬಹಳ ತೆಳು, ಒತ್ತಿ ಉಜ್ಜಿದರೆ ಅದೇ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆ ಇನ್ನೂ ಒಳ್ಳೆಯದು. ಪ್ಲಗ್ ಕಿತ್ತಿರಬೇಕು. ಎರಡು ಕಡ್ಡಿ ಇದ್ದರೆ ಒಂದೊಂದನ್ನೇ ಹಾಕಿ, ಸ್ಲಾಟ್ ಬದಲಿಸಿ ಓಡಿಸಿ. ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ತಂತ್ರಾಂಶವನ್ನು ರಾತ್ರಿಯಿಡೀ ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಡ್ಡಿ ಬೇಡ.

ವಿಂಡೋಸ್ ಲೋಗೊ ಬಂದ ಕೂಡಲೇ ಬೀಳುತ್ತದೆ. ಗಡಿಯಾರವೂ ಹಳೆಯ ದಿನಾಂಕ ತೋರಿಸುತ್ತದೆ.

ಈ ಎರಡೂ ಒಟ್ಟಿಗೆ ಕಂಡರೆ ಖುಷಿಪಡಿ, ಅಗ್ಗದಲ್ಲಿ ಮುಗಿಯುವ ಸಾಧ್ಯತೆ ಇದೆ. ಮದರ್‌ಬೋರ್ಡ್‌ನ ಸಿಆರ್2032 ಬ್ಯಾಟರಿ ಸತ್ತಿದೆ. ಬ್ಯಾಟರಿ ಸತ್ತದ್ದೇ ರಿಸ್ಟಾರ್ಟ್‌ಗೆ ನೇರ ಕಾರಣವಲ್ಲ, ಆದರೆ ಬಯೋಸ್ ತನ್ನ ಸೆಟ್ಟಿಂಗ್‌ಗಳನ್ನು ಮರೆತು ಕಾರ್ಖಾನೆಯ ಸ್ಥಿತಿಗೆ ಹೋಗುತ್ತದೆ. ಡಿಸ್ಕನ್ನು ‘ಐಡಿಇ’ ಎಂದು ನೋಡುತ್ತಿದ್ದ ಬೋರ್ಡ್ ಈಗ ‘ಎಎಚ್‌ಸಿಐ’ ಎಂದು ನೋಡಿದರೆ ವಿಂಡೋಸ್ ಎಕ್ಸ್‌ಪಿಗೆ ಡಿಸ್ಕ್ ಸಿಗುವುದಿಲ್ಲ. 7ಬಿ ನೀಲಿ ಪರದೆ, ರಿಸ್ಟಾರ್ಟ್, ಮತ್ತೆ ಅದೇ. ಹೊಸ ಬ್ಯಾಟರಿ ಹಾಕಿ, ಬಯೋಸ್‌ನಲ್ಲಿ ‘ಸಾಟಾ ಮೋಡ್’ ಅನ್ನು ಐಡಿಇಗೆ ಬದಲಿಸಿ. ಈ ಕಾರಣಕ್ಕೆ ಫಾರ್ಮ್ಯಾಟ್ ಆದ ಯಂತ್ರಗಳನ್ನು ನೆನೆದರೆ ಸಂಕಟವಾಗುತ್ತದೆ.

ಅದಲ್ಲವಾದರೆ ಎಫ್8 ಒತ್ತಿ ಸೇಫ್ ಮೋಡ್‌ಗೆ (ಅತ್ಯಗತ್ಯ ಡ್ರೈವರ್‌ಗಳಷ್ಟೇ ಓಡುವ ಸ್ಥಿತಿಗೆ) ಹೋಗಿ. ಅಲ್ಲಿ ಬೀಳದೆ ಓಡುತ್ತದೆ ಎಂದರೆ ಕಾರಣ ಯಾವುದೋ ಡ್ರೈವರ್, ಇತ್ತೀಚೆಗೆ ಹಾಕಿದ್ದನ್ನು ತೆಗೆಯಿರಿ. ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದ್ದರೆ ಪರೀಕ್ಷೆ ನಿಲ್ಲಿಸಿ ಕಡತಗಳನ್ನು ಮೊದಲು ತೆಗೆದುಕೊಳ್ಳಿ.

ಪರದೆ ಮೇಲೆ 60 ಸೆಕೆಂಡಿನ ಎಣಿಕೆ ಬಂದು ರಿಸ್ಟಾರ್ಟ್ ಆಗುತ್ತದೆ.

ವಿಂಡೋಸ್ ಎಕ್ಸ್‌ಪಿಯಲ್ಲಿ ಇದು 2003ರ ಆಗಸ್ಟ್‌ನ ಬ್ಲಾಸ್ಟರ್ ಮತ್ತು 2004ರ ಸ್ಯಾಸರ್ ಹುಳುಗಳ, ಎಂದರೆ ಜಾಲದಲ್ಲಿ ತಾನಾಗಿ ಹರಡುವ ದುಷ್ಟ ತಂತ್ರಾಂಶಗಳ, ಗುರುತು. ಸರ್ವಿಸ್ ಪ್ಯಾಕ್ 2 ಇಲ್ಲದ ಹಳೆಯ ಸಿಡಿಯಿಂದ ಎಕ್ಸ್‌ಪಿ ಹಾಕಿ ಜಾಲಕ್ಕೆ ಜೋಡಿಸಿದವರಿಗೆ ಈ ಕಾಟ ಬರುತ್ತಿತ್ತು. ಜಾಲದ ಕೇಬಲ್ ಕಿತ್ತು, ಹುಳು ತೆಗೆದು, ಸರ್ವಿಸ್ ಪ್ಯಾಕ್ 3 ಹಾಕಿ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಿಂದ, ವಿಂಡೋಸ್ 7ಕ್ಕೆ 2020ರ ಜನವರಿ 14ರಿಂದ ಮೈಕ್ರೊಸಾಫ್ಟ್‌ನ ಸಾಮಾನ್ಯ ಭದ್ರತಾ ಬೆಂಬಲ ನಿಂತಿದೆ. ಈ ಯಂತ್ರಗಳನ್ನು ಇಂಟರ್‌ನೆಟ್‌ನಿಂದ ದೂರವೇ ಇಡಿ.

ಶಟ್‌ಡೌನ್ ಕೊಟ್ಟರೆ ರಿಸ್ಟಾರ್ಟ್ ಆಗುತ್ತದೆ.

ಮುಚ್ಚುವ ಹೊತ್ತಿನಲ್ಲಿ ಯಾವುದೋ ಡ್ರೈವರ್ ಮುಗ್ಗರಿಸಿ ನೀಲಿ ಪರದೆ ಬರುತ್ತಿರಬಹುದು, ಮೇಲೆ ಹೇಳಿದ ಗುರುತು ತೆಗೆದರೆ ಕಾಣುತ್ತದೆ. ಇಲ್ಲವಾದರೆ ಬಯೋಸ್‌ನಲ್ಲಿ ‘ವೇಕ್ ಆನ್ ಲ್ಯಾನ್’, ಕೀಬೋರ್ಡ್ ಅಥವಾ ಮೌಸ್‌ನಿಂದ ಏಳುವ ಸೆಟ್ಟಿಂಗ್‌ಗಳನ್ನು ಮುಚ್ಚಿ. ಕರೆಂಟು ಬಂದ ಕೂಡಲೇ ತಾನಾಗಿ ಆನ್ ಆಗುತ್ತಿದ್ದರೆ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಎಂಬುದನ್ನು ‘ಆಫ್’ ಮಾಡಿ.

ಮಳೆಗಾಲದಲ್ಲಿ ಮಾತ್ರ ಈ ತೊಂದರೆ. ಕಾರಣವೇನು?

ಮಲೆನಾಡು, ಕರಾವಳಿಗಳಲ್ಲಿ ಇದು ವರ್ಷ ವರ್ಷದ ದೂರು. ಧೂಳು ಒಣಗಿದ್ದಾಗ ವಿದ್ಯುತ್ ಹರಿಸುವುದಿಲ್ಲ, ತೇವ ಕುಡಿದರೆ ಹರಿಸುತ್ತದೆ. ಅದಕ್ಕೇ ಮೇ ತಿಂಗಳಲ್ಲಿ ಸ್ವಚ್ಛ ಮಾಡಿಸಿದ ಯಂತ್ರ ಜೂನ್‌ನಲ್ಲಿ ತೊಂದರೆ ಕೊಡುವುದು ಕಡಿಮೆ. ಇರುವೆ, ಜಿರಳೆ, ಹಲ್ಲಿಗಳು ಬೆಚ್ಚಗಿನ ಜಾಗ ಹುಡುಕಿ ಒಳಸೇರುತ್ತವೆ. ಹಿಂಭಾಗದ ಖಾಲಿ ಸ್ಲಾಟ್‌ಗಳಿಗೆ ತಗಡು ಮುಚ್ಚಿ. ರಿಸೆಟ್ ಗುಂಡಿ ತುಕ್ಕು ಹಿಡಿದು ಒಳಗೇ ಸಿಕ್ಕಿಕೊಂಡರೂ ರಿಸ್ಟಾರ್ಟ್ ಆಗುತ್ತದೆ. ಮದರ್‌ಬೋರ್ಡ್‌ನ ಮೂಲೆಯಲ್ಲಿ ‘ರಿಸೆಟ್’ ಎಂದು ಬರೆದ ಎರಡು ಪಿನ್‌ಗಳಿಂದ ತಂತಿ ಕಿತ್ತು ಒಂದು ದಿನ ಓಡಿಸಿ. ಆ ಗುಂಡಿ ಇಲ್ಲದೆಯೂ ಕೆಲಸ ನಡೆಯುತ್ತದೆ. ಮುಂಭಾಗದ ಯುಎಸ್‌ಬಿ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ, ಪಿನ್ ಬಾಗಿ ಲೋಹದ ಗೋಡೆಗೆ ತಾಗಿದ್ದರೆ ಅದೂ ಯಂತ್ರವನ್ನು ಬೀಳಿಸುತ್ತದೆ.

ಎಲ್ಲ ನೋಡಿದೆ, ಆದರೂ ಗೊತ್ತಾಗುತ್ತಿಲ್ಲ.

ಬೇಡದ್ದನ್ನೆಲ್ಲ ಕಳಚಿ. ಹಾರ್ಡ್‌ಡಿಸ್ಕ್, ಸಿಡಿ ಡ್ರೈವ್, ಪ್ರಿಂಟರ್, ಬೇರೆ ಕಾರ್ಡ್‌ಗಳು ಎಲ್ಲ ಹೊರಗೆ. ಒಂದು ರ‍್ಯಾಮ್ ಕಡ್ಡಿ, ಬೋರ್ಡ್‌ನದೇ ಗ್ರಾಫಿಕ್ಸ್, ಕೀಬೋರ್ಡ್ ಇಷ್ಟೇ. ಪೆನ್‌ಡ್ರೈವ್‌ನಿಂದ ವಿಂಡೋಸ್ ಬದಲಿಗೆ ಆಂಟಿಎಕ್ಸ್ ಅಥವಾ ಪಪ್ಪಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಓಡಿಸಿ, ಎರಡೂ ಇಂಥ ಹಳೆಯ ಯಂತ್ರಗಳಲ್ಲಿ ಹಗುರವಾಗಿ ಓಡುತ್ತವೆ. ದಿನವಿಡೀ ಬೀಳದೆ ಓಡಿದರೆ ತೆಗೆದಿಟ್ಟದ್ದರಲ್ಲಿ ಅಥವಾ ವಿಂಡೋಸ್‌ನಲ್ಲಿ ದೋಷವಿದೆ, ಒಂದೊಂದಾಗಿ ಮರಳಿ ಜೋಡಿಸುತ್ತ ಹೋಗಿ. ಆಗಲೂ ಬಿದ್ದರೆ ಎಸ್‌ಎಂಪಿಎಸ್, ರ‍್ಯಾಮ್, ಬೋರ್ಡ್ ಮೂರರಲ್ಲೇ ಒಂದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋಗಬಹುದು, ಆದರೆ ಯಾವುದು ಕೆಟ್ಟಿತ್ತೆಂದು ತಿಳಿಯದೆ ಚೆನ್ನಾಗಿದ್ದ ಎರಡನ್ನೂ ಎಸೆದಿರುತ್ತೀರಿ.

ಇಷ್ಟೆಲ್ಲ ಕಷ್ಟಪಟ್ಟು ಇದನ್ನು ಉಳಿಸಿಕೊಳ್ಳಬೇಕೇ?

ಬರಿಯ ಬ್ರೌಸಿಂಗ್‌ಗಾದರೆ ಬೇಡ. ಆದರೆ ಡಾಂಗಲ್‌ಗೆ ಕಟ್ಟಿಹಾಕಿದ ತಂತ್ರಾಂಶ, ಪ್ಯಾರಲಲ್ ಪೋರ್ಟ್‌ನ ಪ್ರಿಂಟರ್, ವರ್ಷಗಟ್ಟಲೆ ಕೂರಿಸಿದ ಪುಸ್ತಕಗಳ ಕಡತಗಳು ಅದರಲ್ಲೇ ಇದ್ದರೆ ಖಂಡಿತ ಉಳಿಸಿಕೊಳ್ಳಬೇಕು. ಎಸ್‌ಎಂಪಿಎಸ್, ಕೆಪಾಸಿಟರ್, ಬ್ಯಾಟರಿ, ಪೇಸ್ಟ್ ಇಷ್ಟರಲ್ಲಿ ಮುಗಿಯುವ ರಿಪೇರಿ ಮಾಡಿಸಿ. ಪ್ರೊಸೆಸರ್ ಅಥವಾ ಬೋರ್ಡ್ ಹೋಗಿದ್ದರೆ ಅದೇ ಮಾದರಿಯ ಹಳೆಯ ಯಂತ್ರವನ್ನೇ ಪೂರ್ತಿ ಕೊಳ್ಳುವುದು ಲೇಸು, ಏಕೆಂದರೆ ಎಕ್ಸ್‌ಪಿ ಡಿಸ್ಕ್ ಬೇರೆ ಬೋರ್ಡ್‌ನಲ್ಲಿ ಏಳಲು ಹಟ ಮಾಡುತ್ತದೆ. ಯಂತ್ರ ಸರಿಹೋದ ಮೇಲೆ, ಅದು ಓಡುತ್ತಿರುವಾಗಲೇ, ಹಳೆಯ ಕಡತಗಳನ್ನು ಪಿಡಿಎಫ್ ಮಾಡಿ, ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತನ್ನಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಕೆಲವೆಡೆ ಕೆಡುತ್ತವೆ, ಮೂಲದೊಂದಿಗೆ ಇಟ್ಟು ಒಮ್ಮೆ ಓದಿ ತಿದ್ದಿಕೊಳ್ಳಿ.

ಕೈಬಿಡುವುದಾದರೆ ಗುಜರಿಗೆ ಕೊಡಬಹುದೇ?

ಬೇಡ. ಹಳೆಯ ಬೋರ್ಡ್‌ಗಳ ಬೆಸುಗೆಯಲ್ಲಿ, ಪಿಕ್ಚರ್ ಟ್ಯೂಬ್ ಮಾನಿಟರ್‌ನ ಗಾಜಿನಲ್ಲಿ ಸೀಸವಿದೆ. ಬಯಲಲ್ಲಿ ಸುಟ್ಟು ತಾಮ್ರ ತೆಗೆಯುವವರ ಉಸಿರಿಗೂ ನೆಲದ ನೀರಿಗೂ ಅದು ಸೇರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಇ-ತ್ಯಾಜ್ಯ ಸಂಗ್ರಹಕಾರರಿಗೇ ಕೊಡಿ. ಹಾರ್ಡ್‌ಡಿಸ್ಕ್ ಮಾತ್ರ ಬಿಚ್ಚಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಕಪಾಟಿನಲ್ಲಿ ಹೊಗೆ, ತೇವ ತಾಗದಂತೆ ಸಿಲಿಕಾ ಜೆಲ್ ಚೀಲದೊಂದಿಗೆ ಸುತ್ತಿ, ಯಾವ ಯಂತ್ರದ್ದು, ಯಾವ ವರ್ಷದ್ದು ಎಂದು ಮೇಲೆ ಬರೆದಿಡಿ.